ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಗೆ ಮಿತಿ ಮೀರಿ ಹಣ ಕಟ್ ಆಗಿದ್ದರೆ ಏನು ಮಾಡಬೇಕು

ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಅಂದರೆ ತೆರಿಗೆ ಬೀಳುವ ಮುನ್ನ ಸಂಬಳದಿಂದ ಹಣ ಕಟ್ ಮಾಡಿಸಿ ಇಟ್ಟು, ಡೇಕೇರ್‌ನಂಥ ಖರ್ಚಿನ ಬಿಲ್ ಕೊಟ್ಟು ಕ್ಲೇಮ್ ಮಾಡಿ ವಾಪಸ್ ಪಡೆಯುವ ಖಾತೆ. ಅಮೆರಿಕದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಿತಿ ಮೀರಿದ ತಲೆನೋವು ಸಾಮಾನ್ಯವಾಗಿ ಜನವರಿ ಕೊನೆಗೆ, ಕಂಪನಿ ಕೊಡುವ ವರ್ಷದ ಸಂಬಳ ಮತ್ತು ತೆರಿಗೆಯ ಪತ್ರ ಡಬ್ಲ್ಯು-2 ಕೈಗೆ ಬಂದಾಗ ಶುರುವಾಗುತ್ತದೆ. ಒಬ್ಬರ ಡಬ್ಲ್ಯು-2ರ ಬಾಕ್ಸ್ 10ರಲ್ಲಿ (ಈ ಖಾತೆಯ ಮೊತ್ತ ಕಾಣುವ ಜಾಗ) 5,000 ಡಾಲರ್, ಇನ್ನೊಬ್ಬರದರಲ್ಲೂ 5,000. ಎರಡೂ ಕಂಪನಿಗಳ ಎಚ್‌ಆರ್ ಪೋರ್ಟಲ್ ಈ ಮೊತ್ತವನ್ನು ತಕರಾರಿಲ್ಲದೆ ಒಪ್ಪಿಕೊಂಡಿತ್ತು. ಆದರೆ ಮಿತಿ ಇರುವುದು ತಲೆಗೆ ಇಷ್ಟು ಎಂದಲ್ಲ, ಮನೆಗೆ ಇಷ್ಟು ಎಂದು.

ಮೊದಲು ಗಾಬರಿ ಬಿಡಿ. ಐಆರ್‌ಎಗೆ (ನಿವೃತ್ತಿ ಉಳಿತಾಯದ ಖಾತೆ) ಅಥವಾ ಎಚ್‌ಎಸ್‌ಎಗೆ (ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ) ಮಿತಿ ಮೀರಿ ಹಣ ಹಾಕಿದರೆ, ಅದನ್ನು ಹೊರತೆಗೆಯುವ ತನಕ ವರ್ಷಕ್ಕೆ 6% ದಂಡತೆರಿಗೆ ಬೀಳುತ್ತದೆ. ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಗೆ ಅಂಥ ದಂಡವಿಲ್ಲ. ಹೆಚ್ಚಾದ ಭಾಗಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದು ಮತ್ತೆ ಸಂಬಳವೆಂದು ಲೆಕ್ಕವಾಗುತ್ತದೆ, ಅಷ್ಟೇ. ಹಾಗಾಗಿ ‘ಹೆಚ್ಚುವರಿ ಹಣ ವಾಪಸ್ ತೆಗೆಯುವ ಫಾರ್ಮ್ ಎಲ್ಲಿದೆ’ ಎಂದು ಎಫ್‌ಎಸ್‌ಎ ಕಂಪನಿಗೆ ಫೋನ್ ಮಾಡುತ್ತಾ ಕೂರಬೇಡಿ, ಅಂಥ ಫಾರ್ಮ್ ಇಲ್ಲ. ಈ ವಿಷಯದಲ್ಲಿ ನಿಜವಾದ ನಷ್ಟಗಳು ಎರಡೇ: ಖಾತೆಯಲ್ಲಿ ಉಳಿದ ಹಣವನ್ನು ಕ್ಲೇಮ್ ಮಾಡದೆ ಕಳೆದುಕೊಳ್ಳುವುದು, ಮತ್ತು ಒಂದೇ ಹೆಚ್ಚುವರಿಗೆ ಎರಡು ಸಲ ತೆರಿಗೆ ಕಟ್ಟುವುದು.

ಮಿತಿ ಎಷ್ಟು, ಅದರಲ್ಲಿ ಏನೇನು ಸೇರುತ್ತದೆ

2025ರ ತೆರಿಗೆ ವರ್ಷದ ತನಕ ಮಿತಿ 5,000 ಡಾಲರ್. ಮದುವೆಯಾಗಿದ್ದು ಬೇರೆ ಬೇರೆ ರಿಟರ್ನ್ ಹಾಕುವವರಿಗೆ ತಲಾ 2,500. 2021ರ ಒಂದು ವರ್ಷ ಮಾತ್ರ ಕೋವಿಡ್ ಕಾರಣಕ್ಕೆ ಇದು 10,500 ಆಗಿತ್ತು. 2026ರಿಂದ ಹೊಸ ಕಾನೂನಿನಂತೆ 7,500, ಬೇರೆ ರಿಟರ್ನ್ ಹಾಕುವವರಿಗೆ 3,750. ಕಾನೂನು 7,500 ಎಂದಿದ್ದರೂ ನಿಮ್ಮ ಕಂಪನಿಯ ಯೋಜನೆ 5,000ಕ್ಕೇ ನಿಂತಿರಬಹುದು, ಏಕೆಂದರೆ ಯೋಜನೆಯ ದಾಖಲೆಯನ್ನು ತಿದ್ದುವುದು ಕಂಪನಿಗೆ ಬಿಟ್ಟದ್ದು. ಹಾಗಿದ್ದರೆ ಒಬ್ಬರ ಕಂಪನಿಯಲ್ಲಿ 5,000, ಇನ್ನೊಬ್ಬರದರಲ್ಲಿ 2,500 ಎಂದು ಹಂಚಿಕೊಂಡು ಮನೆಯ ಮಿತಿ ತುಂಬಿಸಬಹುದು.

ಮಕ್ಕಳು ಎಷ್ಟು ಜನ ಎನ್ನುವುದು ಈ ಮಿತಿಗೆ ಸಂಬಂಧವಿಲ್ಲ. ಒಂದು ಮಗು ಇದ್ದರೂ ಮೂರಿದ್ದರೂ ಅದೇ ಮೊತ್ತ.

ನಿಮ್ಮ ಸಂಬಳದಿಂದ ಕಟ್ ಆದದ್ದಷ್ಟೇ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ತನ್ನ ಕಡೆಯಿಂದ ಖಾತೆಗೆ ಹಾಕಿದ ಹಣ, ಆಫೀಸಿನ ಡೇಕೇರ್‌ನಲ್ಲಿ ಕೊಟ್ಟ ರಿಯಾಯಿತಿ, ಮಗುವಿನ ಮಾಮೂಲಿ ಡೇಕೇರ್ ಮುಚ್ಚಿದ ದಿನ ಬಳಸುವ ಬ್ಯಾಕಪ್ ಕೇರ್‌ಗೆ ಕಂಪನಿ ಭರಿಸಿದ ಪಾಲು ಎಲ್ಲವೂ ಅದೇ ಮಿತಿಯೊಳಗೆ ಬರಬೇಕು. 2025ರಲ್ಲಿ ಪೂರ್ತಿ 5,000 ಕಟ್ ಮಾಡಿಸಿಕೊಂಡು, ಜೊತೆಗೆ 900 ಡಾಲರಿನಷ್ಟು ಬ್ಯಾಕಪ್ ಕೇರ್ ಬಳಸಿದವರ ಬಾಕ್ಸ್ 10ರಲ್ಲಿ 5,900 ಕಂಡು ‘ಇದೆಲ್ಲಿಂದ ಬಂತು’ ಎಂದು ಹುಡುಕುವಂತಾಗುವುದು ಇದಕ್ಕೇ.

ವರ್ಷ ಇನ್ನೂ ಮುಗಿದಿಲ್ಲ ಅಂದರೆ

ಈಗಲೇ ಸಿಕ್ಕಿಬಿದ್ದರೆ ಒಳ್ಳೆಯದೇ. ಆದರೆ ಎಫ್‌ಎಸ್‌ಎ ಆಯ್ಕೆಯನ್ನು ಮನಸ್ಸು ಬಂದಾಗ ಬದಲಿಸಲು ಆಗುವುದಿಲ್ಲ. ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ (ವರ್ಷಕ್ಕೊಮ್ಮೆ ಕಂಪನಿಯ ಸವಲತ್ತುಗಳನ್ನು ಆರಿಸುವ ಅವಧಿ) ಹೇಳಿದ ಮೊತ್ತ ವರ್ಷಪೂರ್ತಿ ಕಟ್ ಆಗುತ್ತದೆ. ನಡುವೆ ಬದಲಿಸಲು ನಿಯಮ ಒಪ್ಪುವ ಒಂದು ಕಾರಣ ಬೇಕು. ‘ಇಬ್ಬರೂ ಗೊತ್ತಿಲ್ಲದೆ ಪೂರ್ತಿ ಹಾಕಿದ್ದೇವೆ’ ಎನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಕೆಲವು ಕಂಪನಿಗಳು ಸ್ಪಷ್ಟವಾಗಿ ಕಾಣುವ ತಪ್ಪನ್ನು, ಉದಾಹರಣೆಗೆ ಮಕ್ಕಳೇ ಇಲ್ಲದವರು ವೈದ್ಯಕೀಯ ಖರ್ಚಿನ ಹೆಲ್ತ್ ಎಫ್‌ಎಸ್‌ಎ ಎಂದುಕೊಂಡು ಇದನ್ನು ಆರಿಸಿದ್ದನ್ನು, ರದ್ದು ಮಾಡುತ್ತವೆ. ಇಬ್ಬರ ಮೊತ್ತ ಸೇರಿ ಮಿತಿ ಮೀರಿದ್ದಕ್ಕೆ ಎಚ್‌ಆರ್ ಒಪ್ಪುತ್ತದೋ ಇಲ್ಲವೋ ಅವರವರ ಯೋಜನೆಗೆ ಬಿಟ್ಟದ್ದು. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಒಪ್ಪುವ ಕಾರಣಗಳೂ ಕಡಿಮೆಯಿಲ್ಲ, ಅವು ಸಂಸಾರದಲ್ಲಿ ತಾನಾಗಿಯೇ ಬರುತ್ತಿರುತ್ತವೆ:

- ಸಂಗಾತಿ ಕೆಲಸಕ್ಕೆ ಸೇರಿದ್ದು, ಬಿಟ್ಟದ್ದು, ಕೆಲಸ ಕಳೆದುಕೊಂಡದ್ದು.
- ಮಗು ಹುಟ್ಟಿದ್ದು, ಅಥವಾ ಮಗುವಿಗೆ 13 ತುಂಬಿದ್ದು.
- ಡೇಕೇರ್ ಬದಲಾದದ್ದು, ಸಮಯ ಕಡಿಮೆಯಾದದ್ದು, ಫೀಸು ಏರಿದ್ದು ಅಥವಾ ಇಳಿದದ್ದು. ಮಗುವನ್ನು ನೋಡಿಕೊಳ್ಳುವವರು ನೆಂಟರಾಗಿದ್ದರೆ ಬರೀ ಫೀಸು ಬದಲಾಯಿತೆಂಬ ಕಾರಣ ನಡೆಯುವುದಿಲ್ಲ.
- ಸಂಗಾತಿಯ ಕಂಪನಿಯ ಯೋಜನೆಯ ವರ್ಷ ಬೇರೆಯಿದ್ದು, ಉದಾಹರಣೆಗೆ ಜುಲೈನಿಂದ ಜೂನ್, ಅಲ್ಲಿನ ಎನ್‌ರೋಲ್‌ಮೆಂಟ್‌ನಲ್ಲಿ ಅವರು ಬದಲಾವಣೆ ಮಾಡಿದ್ದು.

ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಮೂರನೆಯದು. ಆಗಸ್ಟ್‌ನಲ್ಲಿ ಮಗು ಕಿಂಡರ್‌ಗಾರ್ಟನ್‌ಗೆ ಸೇರಿದರೆ ಪೂರ್ಣ ದಿನದ ಡೇಕೇರ್ ನಿಂತು ಶಾಲೆ ಬಿಟ್ಟ ನಂತರದ ಕೇರ್ ಮಾತ್ರ ಉಳಿಯುತ್ತದೆ. ಖರ್ಚು ನಿಜವಾಗಿ ಇಳಿದಿರುವುದರಿಂದ ಕಟ್ ಆಗುವ ಮೊತ್ತವನ್ನೂ ಇಳಿಸಬಹುದು. ಬದಲಾವಣೆ ನಡೆದ ದಿನದಿಂದ ಸಾಮಾನ್ಯವಾಗಿ 30 ದಿನದೊಳಗೆ ಪೋರ್ಟಲ್‌ನಲ್ಲಿ ಹಾಕಬೇಕು. 31ನೇ ದಿನ ಹಾಕಿದರೆ ಎಚ್‌ಆರ್‌ನವರಿಗೂ ಕೈ ಕಟ್ಟಿದ ಹಾಗೆ. ಡೇಕೇರ್‌ನಿಂದ ಹೊಸ ಫೀಸಿನ ಪತ್ರ ತೆಗೆದಿಟ್ಟುಕೊಳ್ಳಿ. ಕಾರಣ ನಿಜವಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಬದಲಾವಣೆ ಮುಂದಿನ ಸಂಬಳಗಳಿಗೆ ಮಾತ್ರ ಅನ್ವಯಿಸುತ್ತದೆ, ಈಗಾಗಲೇ ಕಟ್ ಆದದ್ದು ವಾಪಸ್ ಬರುವುದಿಲ್ಲ. 2026ಕ್ಕೆ ಒಬ್ಬರು 7,500, ಇನ್ನೊಬ್ಬರು 5,000 ಆರಿಸಿದ್ದಾರೆ ಎನ್ನೋಣ. ಎರಡನೆಯವರಿಗೆ ಎರಡು ವಾರಕ್ಕೊಮ್ಮೆ 192.31 ಕಟ್ ಆಗುತ್ತಿದೆ. ಒಂಬತ್ತು ಸಂಬಳ ಕಳೆದ ಮೇಲೆ ನಿಲ್ಲಿಸಿದರೆ 1,730.79 ಆಗಿಹೋಗಿದೆ. ಮೊದಲನೆಯವರಿಗೂ ಸರಿಯಾದ ಕಾರಣ ಸಿಕ್ಕರೆ ತಮ್ಮದನ್ನು 5,769.21ಕ್ಕೆ ಇಳಿಸಬಹುದು. ಸಿಗದಿದ್ದರೆ ಆ 1,730.79 ಹೆಚ್ಚುವರಿಯಾಗಿ ಉಳಿದು ರಿಟರ್ನ್‌ನಲ್ಲಿ ತೆರಿಗೆಗೆ ಬರುತ್ತದೆ. ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಒಂದೇ ಕಂಪನಿಯಲ್ಲಿ ಹೆಚ್ಚು ಕಟ್ ಆಗಿದ್ದರೆ

ಇದು ಪೇರೋಲ್‌ನ ತಪ್ಪು, ಸರಿಪಡಿಸಬೇಕಾದವರೂ ಅವರೇ. ಹೆಚ್ಚಾಗಿ ಇದು ನಡೆಯುವುದು ಎರಡು ವಾರಕ್ಕೊಮ್ಮೆ ಸಂಬಳ ಬರುವ ಕಡೆ, ವರ್ಷದಲ್ಲಿ 26ರ ಬದಲು 27 ಸಂಬಳ ಬಿದ್ದಾಗ. 2026 ಅಂಥದೊಂದು ವರ್ಷ ಆಗಬಹುದು: ಜನವರಿ 2ರ ಶುಕ್ರವಾರ ಮೊದಲ ಸಂಬಳ ಬಂದವರಿಗೆ 27ನೆಯದು 2027ರ ಜನವರಿ 1ಕ್ಕೆ ಬೀಳುತ್ತದೆ. ಅಂದು ರಜೆ, ಹಾಗಾಗಿ ಕಂಪನಿ ಹಿಂದಿನ ದಿನವೇ ಸಂಬಳ ಹಾಕಿದರೆ ಅದು 2026ರ ಲೆಕ್ಕಕ್ಕೆ ಸೇರುತ್ತದೆ. 7,500ನ್ನು 26ರಿಂದ ಭಾಗಿಸಿದರೆ 288.46, 27 ಸಲ ಕಟ್ ಆದರೆ 7,788.42. ಮಿತಿಗಿಂತ 288.42 ಹೆಚ್ಚು. ಒಳ್ಳೆಯ ಪೇರೋಲ್ ಸಾಫ್ಟ್‌ವೇರ್ ಮಿತಿ ಮುಟ್ಟಿದಾಗ ತಾನೇ ನಿಲ್ಲಿಸುತ್ತದೆ. ಆ ಮಿತಿಯನ್ನು ಯಾರೂ ನಮೂದಿಸಿರದಿದ್ದರೆ ನಿಲ್ಲುವುದಿಲ್ಲ.

ಡಿಸೆಂಬರ್‌ನ ಕೊನೆಯ ಸಂಬಳಕ್ಕೆ ಮುಂಚೆ ಕಣ್ಣಿಗೆ ಬಿದ್ದರೆ ಪೇರೋಲ್‌ಗೆ ಇಮೇಲ್ ಮಾಡಿ: ಮಿತಿಗಿಂತ ಹೆಚ್ಚು ಕಟ್ ಆದ ಮೊತ್ತವನ್ನು ತೆರಿಗೆ ಬೀಳುವ ಸಂಬಳವಾಗಿ ವಾಪಸ್ ಕೊಡಿ ಎಂದು. ಅವರು ಅದರ ಮೇಲೆ ಆದಾಯ ತೆರಿಗೆ, ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಬಾಕ್ಸ್ 10ರಲ್ಲಿ ಸರಿಯಾಗಿ ಮಿತಿಯಷ್ಟೇ ಬರುತ್ತದೆ, ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ವರ್ಷ ಮುಗಿದಿದ್ದರೆ ಕಂಪನಿ ಬಾಕ್ಸ್ 10ರಲ್ಲಿ ಪೂರ್ತಿ ಮೊತ್ತ ತೋರಿಸಿ, ಮಿತಿ ಮೀರಿದ ಭಾಗವನ್ನು ತೆರಿಗೆ ಬೀಳುವ ಸಂಬಳ ಕಾಣುವ ಬಾಕ್ಸ್ 1, 3 ಮತ್ತು 5ಕ್ಕೂ ಸೇರಿಸಬೇಕು. ಸೇರಿಸಿದ್ದಾರೋ ಇಲ್ಲವೋ ಎಂದು ಡಬ್ಲ್ಯು-2 ನೋಡಿದರೆ ನೇರವಾಗಿ ತಿಳಿಯುವುದಿಲ್ಲ. ಡಿಸೆಂಬರ್‌ನ ಕೊನೆಯ ಪೇಸ್ಲಿಪ್ ತೆಗೆದು ಕೂಡಿ ಕಳೆದು ನೋಡಬೇಕು. ವರ್ಷದ ಒಟ್ಟು ಸಂಬಳ 98,000, 401ಕೆಗೆ (ಕಂಪನಿಯ ನಿವೃತ್ತಿ ಖಾತೆ) 8,000, ಆರೋಗ್ಯ ವಿಮೆಗೆ 3,600, ಡಿಪೆಂಡೆಂಟ್ ಕೇರ್‌ಗೆ 7,788.42 ಹೋಗಿದೆ ಎಂದಿಟ್ಟುಕೊಳ್ಳಿ. ಬಾಕ್ಸ್ 1ರಲ್ಲಿ 78,900 ಇದ್ದರೆ ಹೆಚ್ಚುವರಿಯನ್ನು ಸಂಬಳಕ್ಕೆ ಸೇರಿಸಿದ್ದಾರೆ. 78,611.58 ಇದ್ದರೆ ಸೇರಿಸಿಲ್ಲ. ಡಬ್ಲ್ಯು-2ಸಿ, ಅಂದರೆ ತಿದ್ದಿದ ಡಬ್ಲ್ಯು-2 ಕೊಡಿ ಎಂದು ಲಿಖಿತವಾಗಿ ಕೇಳಿ.

ಈ ಲೆಕ್ಕ ಯಾಕೆ ಮುಖ್ಯ ಎಂದರೆ ರಿಟರ್ನ್‌ನಲ್ಲಿ ಬೀಳುವ ಹಳ್ಳ ಇಲ್ಲಿಯೇ ಇದೆ. ಡೇಕೇರ್ ಲೆಕ್ಕಕ್ಕೆ ರಿಟರ್ನ್ ಜೊತೆ ಹಾಕುವ ಫಾರ್ಮ್ 2441ರ ಸೂಚನೆ ಸ್ಪಷ್ಟವಾಗಿದೆ: ಬಾಕ್ಸ್ 1ರಲ್ಲಿ ಆಗಲೇ ಸಂಬಳವಾಗಿ ಬಂದಿರುವ ಭಾಗವನ್ನು, ಬಾಕ್ಸ್ 10ರ ಮೊತ್ತ ಬರೆಯುವ ಸಾಲು 12ರಲ್ಲಿ ಮತ್ತೆ ಸೇರಿಸಬಾರದು. ತೆರಿಗೆ ಸಾಫ್ಟ್‌ವೇರ್‌ಗೆ ಬಾಕ್ಸ್ 1ರೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಬಾಕ್ಸ್ 10ರಲ್ಲಿ 7,788.42 ಎಂದು ಹಾಗೇ ಹಾಕಿದರೆ ಅದು ಮಿತಿ ಮೀರಿದ 288.42ನ್ನು ಇನ್ನೊಮ್ಮೆ ಆದಾಯಕ್ಕೆ ಸೇರಿಸುತ್ತದೆ. ಕಂಪನಿ ಆಗಲೇ ಸೇರಿಸಿದ್ದರೆ ಸಾಲು 12ಕ್ಕೆ 7,500 ಮಾತ್ರ ಹೋಗುವಂತೆ ನೋಡಿಕೊಳ್ಳಿ, ಪೇಸ್ಲಿಪ್ ಲೆಕ್ಕವನ್ನು ಕಡತದಲ್ಲಿ ಇಡಿ. ಸೇರಿಸಿಲ್ಲದೆ, ಡಬ್ಲ್ಯು-2ಸಿಯೂ ಬರದಿದ್ದರೆ ಪೂರ್ತಿ ಮೊತ್ತವನ್ನೇ ಹಾಕಿ. ಹೆಚ್ಚುವರಿ ತಾನಾಗಿ ತೆರಿಗೆಗೆ ಬರುತ್ತದೆ.

ಇಬ್ಬರ ಕಂಪನಿ ಸೇರಿ ಮಿತಿ ಮೀರಿದ್ದರೆ

ಇಲ್ಲಿ ಯಾವ ಕಂಪನಿಯದೂ ತಪ್ಪಿಲ್ಲ, ಹಾಗಾಗಿ ಡಬ್ಲ್ಯು-2ಸಿ ಕೇಳಿ ಪ್ರಯೋಜನವಿಲ್ಲ. ಲೆಕ್ಕ ಸರಿಹೋಗುವುದು ನಿಮ್ಮ ಜಂಟಿ ರಿಟರ್ನ್‌ನಲ್ಲಿ, ಫಾರ್ಮ್ 2441ರ ಮೂರನೇ ಭಾಗದಲ್ಲಿ. ಮಿತಿ 5,000 ಇದ್ದ ವರ್ಷದ ಉದಾಹರಣೆ ತೆಗೆದುಕೊಳ್ಳೋಣ: ಇಬ್ಬರಿಗೂ ತಲಾ 5,000 ಕಟ್ ಆಗಿದೆ, ಇಬ್ಬರು ಮಕ್ಕಳ ಡೇಕೇರ್ ಖರ್ಚು 18,000, ಎರಡೂ ಖಾತೆಗಳ ಹಣ ಪೂರ್ತಿ ಕ್ಲೇಮ್ ಆಗಿದೆ. ಸಾಲಿನ ಸಂಖ್ಯೆಗಳು 2024ರ ಫಾರ್ಮಿನವು. ಬೇರೆ ವರ್ಷದ್ದಾದರೆ ಸಾಲಿನ ಪಕ್ಕದ ಬರಹ ಓದಿ ಹೊಂದಿಸಿಕೊಳ್ಳಿ.

1. ಸಾಲು 12: ಎರಡೂ ಡಬ್ಲ್ಯು-2ರ ಬಾಕ್ಸ್ 10 ಕೂಡಿಸಿ, 10,000.
2. ಸಾಲು 13: ಹಿಂದಿನ ವರ್ಷದಿಂದ ಬಂದು ಈ ವರ್ಷದ ಗ್ರೇಸ್ ಅವಧಿಯಲ್ಲಿ (ಹಳೆಯ ವರ್ಷ ಮುಗಿದ ಮೇಲೂ ಆ ಹಣ ಬಳಸಲು ಬಿಡುವ ಅವಧಿ) ಬಳಸಿದ ಹಣ. ಇಲ್ಲಿ ಸೊನ್ನೆ.
3. ಸಾಲು 14: ಬಳಸದೆ ಕಳೆದುಕೊಂಡದ್ದು ಅಥವಾ ಮುಂದಿನ ವರ್ಷಕ್ಕೆ ಹೋದದ್ದು. ಇಲ್ಲಿ ಸೊನ್ನೆ. ಸಾಲು 15 ಹಾಗಾಗಿ 10,000.
4. ಸಾಲು 16: ಆ ವರ್ಷ ನಿಜವಾಗಿ ಆದ ಅರ್ಹ ಖರ್ಚು, 18,000. ಸಾಲು 17 ಇವೆರಡರಲ್ಲಿ ಚಿಕ್ಕದು, 10,000.
5. ಸಾಲು 18 ಮತ್ತು 19: ಇಬ್ಬರ ದುಡಿಮೆಯ ಆದಾಯ. ಸಾಲು 20 ಮೂರರಲ್ಲಿ ಚಿಕ್ಕದು, 10,000.
6. ಸಾಲು 21: 5,000.
7. ಸಾಲು 25: ತೆರಿಗೆಯಿಲ್ಲದ ಭಾಗ, 5,000.
8. ಸಾಲು 26: ತೆರಿಗೆ ಬೀಳುವ ಭಾಗ, 5,000. ಇದು ಮುಖ್ಯ ತೆರಿಗೆ ರಿಟರ್ನ್ ಆದ ಫಾರ್ಮ್ 1040ರ ಸಾಲು 1ಇಗೆ ಹೋಗುತ್ತದೆ.

ಆದಾಯದ ಮೇಲಿನ ತೆರಿಗೆ ದರ 22% ಆಗಿದ್ದರೆ 1,100 ಡಾಲರ್ ಕೊಡಬೇಕು. ಇದನ್ನು ದಂಡ ಎಂದುಕೊಳ್ಳುವವರು ಬಹಳ. ಆ 5,000 ಎಫ್‌ಎಸ್‌ಎಗೆ ಹೋಗದೆ ಸಂಬಳವಾಗಿಯೇ ಬಂದಿದ್ದರೂ ಇದೇ 1,100 ಕಟ್ಟಬೇಕಿತ್ತು. ಇನ್ನೊಂದು ಮಾತು: ಸಂಬಳವಾಗಿ ಬಂದಿದ್ದರೆ ಸಾಮಾನ್ಯವಾಗಿ 7.65% ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಕೂಡ ಹೋಗುತ್ತಿತ್ತು. ಎರಡು ಕಂಪನಿಗಳ ಹೆಚ್ಚುವರಿಗೆ ಫಾರ್ಮ್ 1040 ಅದನ್ನು ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿಬಿಡುವವರು ಸ್ವಲ್ಪ ಹಣ ಬಿಟ್ಟುಕೊಡುತ್ತಾರೆ. ತೆರಿಗೆ ಕಟ್ಟಿದ ಭಾಗದಿಂದ ಭರಿಸಿದ ಖರ್ಚು ಚೈಲ್ಡ್ ಕೇರ್ ಕ್ರೆಡಿಟ್‌ಗೆ (ಡೇಕೇರ್ ಖರ್ಚಿಗಾಗಿ ತೆರಿಗೆಯಿಂದ ನೇರವಾಗಿ ಕಳೆಯುವ ಮೊತ್ತ) ಅರ್ಹವಾಗುತ್ತದೆ. ಸಾಲು 27ರಲ್ಲಿ ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ 6,000, ಅದರಿಂದ ತೆರಿಗೆಯಿಲ್ಲದ 5,000 ಕಳೆದರೆ 1,000 ಉಳಿಯುತ್ತದೆ. ಸಾಲು 30ರಲ್ಲಿ 18,000ದಿಂದ 5,000 ಕಳೆದು 13,000 ಖರ್ಚು ತೋರಿಸಬಹುದು. ಎರಡರಲ್ಲಿ ಚಿಕ್ಕದು 1,000. ಅದರ ಮೇಲೆ 20% ದರದಲ್ಲಿ 200 ಡಾಲರ್ ಕ್ರೆಡಿಟ್. ಒಂದೇ ಮಗುವಾದರೆ ಸಾಲು 27ರಲ್ಲಿ 3,000 ಮಾತ್ರ, 5,000 ಕಳೆದರೆ ಏನೂ ಉಳಿಯುವುದಿಲ್ಲ. 2026ರಿಂದ ಮಿತಿ 7,500 ಆಗಿದೆ, 6,000 ಮಾತ್ರ ಅಲ್ಲೇ ನಿಂತಿದೆ. ಹಾಗಾಗಿ ಪೂರ್ತಿ 7,500 ವಿನಾಯಿತಿ ಪಡೆದ ಮನೆಗೆ ಎಷ್ಟು ಮಕ್ಕಳಿದ್ದರೂ ಕ್ರೆಡಿಟ್ ಸಿಗುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿ ಹಾಕುವಾಗ ಎರಡು ಕಡೆ ಎಡವುತ್ತಾರೆ. ಬಾಕ್ಸ್ 10 ಹಾಕಿ ಡೇಕೇರ್ ಖರ್ಚಿನ ಪುಟ ತುಂಬದೆ ಮುಂದೆ ಹೋದರೆ ಸಾಲು 16 ಸೊನ್ನೆಯಾಗಿ, ಮಿತಿಯೊಳಗಿನ 5,000 ಸಹ ತೆರಿಗೆಗೆ ಬಂದುಬಿಡುತ್ತದೆ. ರೀಫಂಡ್ ಮೀಟರ್ ಇದ್ದಕ್ಕಿದ್ದಂತೆ ಸಾವಿರಾರು ಡಾಲರ್ ಕುಸಿದರೆ ಮೊದಲು ಈ ಪುಟ ನೋಡಿ. ಎರಡನೆಯದು, ಎರಡೂ ಡಬ್ಲ್ಯು-2ಗಳನ್ನು ಒಬ್ಬರ ಹೆಸರಿಗೇ ಹಾಕುವುದು. ಆಗ ಇನ್ನೊಬ್ಬರ ದುಡಿಮೆ ಸೊನ್ನೆ ಎಂದು ಲೆಕ್ಕವಾಗಿ ವಿನಾಯಿತಿಯೇ ಹಾರಿಹೋಗುತ್ತದೆ. ಡೇಕೇರ್‌ನ ತೆರಿಗೆ ಸಂಖ್ಯೆಯೂ ಬೇಕು. ಅವರು ಕೊಡಲು ಸತಾಯಿಸಿದರೆ ಫಾರ್ಮ್ ಡಬ್ಲ್ಯು-10 ಕೊಟ್ಟು ತುಂಬಿಸಿಕೊಳ್ಳಿ.

ಉಳಿದ ಹಣವನ್ನು ಬಿಡಬೇಡಿ

‘ಹೇಗೂ ತೆರಿಗೆ ಬೀಳುತ್ತೆ, ಹೆಚ್ಚಾದದ್ದನ್ನು ಕ್ಲೇಮ್ ಮಾಡದೆ ಬಿಟ್ಟುಬಿಡೋಣ’ ಎನ್ನುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಬಿಟ್ಟರೆ ಸಾಲು 14ರಲ್ಲಿ ಆ ಮೊತ್ತ ಕಳೆಯುತ್ತದೆ, ತೆರಿಗೆ ಬರುವುದಿಲ್ಲ, ನಿಜ. ಆದರೆ 1,100 ತೆರಿಗೆ ಉಳಿಸಲು 5,000 ಬಿಟ್ಟುಕೊಟ್ಟ ಹಾಗಾಯಿತು, 3,900 ಶುದ್ಧ ನಷ್ಟ. ಅರ್ಹ ಬಿಲ್ ಇರುವಷ್ಟನ್ನೂ ಕ್ಲೇಮ್ ಮಾಡಿ, ತೆರಿಗೆ ಕಟ್ಟಿ.

ಖರ್ಚೇ ಕಡಿಮೆಯಿದ್ದರೆ ಬೇರೆ ಮಾತು. ಎರಡು ಖಾತೆ ಸೇರಿ 10,000, ನಿಜವಾದ ಖರ್ಚು 7,000 ಎಂದರೆ 3,000 ಹೋಯಿತು. ಸಾಲು 12ರಲ್ಲಿ 10,000, ಸಾಲು 14ರಲ್ಲಿ 3,000, ಸಾಲು 15ರಲ್ಲಿ 7,000. ವಿನಾಯಿತಿ 5,000, ತೆರಿಗೆಗೆ 2,000. ಸಾಲು 14 ಮರೆತರೆ ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟುತ್ತೀರಿ. ಬಾಕ್ಸ್ 10 ಹೆಚ್ಚಾಗಿ ಕಟ್ ಆದ ಮೊತ್ತವನ್ನು ಹೇಳುತ್ತದೆ, ನಿಮ್ಮ ಕೈಗೆ ಬಂದದ್ದನ್ನಲ್ಲ.

ಆ 3,000 ಹೋಗುವ ಮುನ್ನ ಒಂದು ದಾರಿ ನೋಡಬಹುದು. ಹೆಲ್ತ್ ಎಫ್‌ಎಸ್‌ಎಯಲ್ಲಿರುವ ಹಾಗೆ ಇಷ್ಟು ಡಾಲರ್ ಮುಂದಿನ ವರ್ಷಕ್ಕೆ ಎನ್ನುವ ಕ್ಯಾರಿಓವರ್ ಇಲ್ಲಿಲ್ಲ. ಆದರೆ ಕೆಲವು ಯೋಜನೆಗಳಲ್ಲಿ ಎರಡೂವರೆ ತಿಂಗಳ ಗ್ರೇಸ್ ಅವಧಿ ಇರುತ್ತದೆ: ಕ್ಯಾಲೆಂಡರ್ ವರ್ಷದ ಯೋಜನೆಯಾದರೆ ಮಾರ್ಚ್ 15ರ ತನಕ ಆದ ಡೇಕೇರ್ ಖರ್ಚಿಗೂ ಹಳೆಯ ಹಣ ಬಳಸಬಹುದು. ರನ್‌ಔಟ್ ಅವಧಿ ಬೇರೆ. ಅದರಲ್ಲಿ ಡಿಸೆಂಬರ್ 31ರೊಳಗೆ ಆದ ಖರ್ಚಿನ ಬಿಲ್ ತಡವಾಗಿ ಸಲ್ಲಿಸಲು ಮಾತ್ರ ಅವಕಾಶ. ಈ ಎರಡನ್ನು ಒಂದೇ ಎಂದುಕೊಂಡು ಫೆಬ್ರವರಿಯ ಡೇಕೇರ್ ಬಿಲ್ ಕಳಿಸಿ ತಿರಸ್ಕಾರ ಮಾಡಿಸಿಕೊಳ್ಳುವವರು ಇದ್ದಾರೆ.

ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಗ್ರೇಸ್ ಅವಧಿ ಇದ್ದರೆ ಅದಿಲ್ಲದ ಖಾತೆಯನ್ನು ಮೊದಲು ಖಾಲಿ ಮಾಡಿ. ಒಂದೇ ಬಿಲ್ಲನ್ನು ಎರಡೂ ಕಡೆ ಹಾಕುವಂತಿಲ್ಲ, ಆದ್ದರಿಂದ ಜನವರಿಯಿಂದ ಜೂನ್ ಬಿಲ್‌ಗಳು ಒಂದಕ್ಕೆ, ಜುಲೈಯಿಂದ ಮುಂದಿನವು ಇನ್ನೊಂದಕ್ಕೆ ಎಂದು ಗೆರೆ ಎಳೆದುಕೊಳ್ಳುವುದು ಸುಲಭ. ಗ್ರೇಸ್ ಅವಧಿಯಲ್ಲಿ ಬಳಸಿದ ಹಳೆಯ ಹಣವನ್ನು ಹಳೆಯ ವರ್ಷದ ಸಾಲು 14ರಲ್ಲಿ ಕಳೆದು, ಹೊಸ ವರ್ಷದ ಸಾಲು 13ರಲ್ಲಿ ತೋರಿಸಬೇಕು. ಕಾನೂನು ನೋಡುವುದು ಡೇಕೇರ್ ಸೇವೆ ಸಿಕ್ಕ ವರ್ಷವನ್ನು. ಹಾಗಾಗಿ ಮುಂದಿನ ವರ್ಷಕ್ಕೆ ಹೋಗುವ ಮೊತ್ತ ಮತ್ತು ಆ ವರ್ಷದ ಹೊಸ ಆಯ್ಕೆ ಸೇರಿ ಮಿತಿಯೊಳಗೆ ಇರುವಂತೆ ಆಯ್ಕೆಯನ್ನು ತಗ್ಗಿಸಿಕೊಳ್ಳಿ, ಮತ್ತು ಸಾಲು 21ರ ಪಕ್ಕದ ಸೂಚನೆ ಓದಿಯೇ ತುಂಬಿ.

ಮಿತಿ ಮೀರದಿದ್ದರೂ ಹೆಚ್ಚುವರಿ ಆಗುವುದು

ಇದು ಎಚ್-1ಬಿ (ಕೆಲಸದ ವೀಸಾ) ಮತ್ತು ಎಚ್-4 (ಅವರ ಸಂಗಾತಿ, ಮಕ್ಕಳ ವೀಸಾ) ಕುಟುಂಬಗಳು ಗಮನವಿಟ್ಟು ಓದಬೇಕಾದ ಭಾಗ. 5,000 ಅಥವಾ 7,500 ಎನ್ನುವುದು ಮೇಲಿನ ಗಡಿ ಮಾತ್ರ. ಇಬ್ಬರಲ್ಲಿ ಯಾರ ದುಡಿಮೆ ಕಡಿಮೆಯೋ ಅದಕ್ಕಿಂತ ಹೆಚ್ಚು ವಿನಾಯಿತಿ ಸಿಗುವುದಿಲ್ಲ. ಸಂಗಾತಿ ಆ ವರ್ಷ ದುಡಿದದ್ದು 3,200 ಡಾಲರ್ ಎಂದರೆ ನಿಮ್ಮ 5,000ದಲ್ಲಿ 3,200 ಮಾತ್ರ ತೆರಿಗೆಯಿಲ್ಲದ್ದು. ಎಚ್-4ನಲ್ಲಿದ್ದು ಕೆಲಸದ ಪರವಾನಗಿ ಇಲ್ಲದ, ಓದುತ್ತಲೂ ಇಲ್ಲದ ಸಂಗಾತಿಯ ದುಡಿಮೆ ಸೊನ್ನೆ, ಆದ್ದರಿಂದ ವಿನಾಯಿತಿಯೂ ಸೊನ್ನೆ. ಪ್ರಿಸ್ಕೂಲ್ ಫೀಸು ಎಷ್ಟೇ ಕಟ್ಟಿರಲಿ, ಇಬ್ಬರೂ ಕೆಲಸ ಮಾಡಲು ಅನುಕೂಲವಾಗಲೆಂದು ಮಾಡಿದ ಖರ್ಚು ಅದಲ್ಲ ಎನ್ನುತ್ತದೆ ನಿಯಮ. ಅಂಥ ಮನೆಯವರು ಈ ಖಾತೆಗೆ ಸೇರದಿರುವುದೇ ಸರಿ.

ಸಂಗಾತಿ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಓದಿದ ಪ್ರತಿ ತಿಂಗಳಿಗೆ ಒಂದು ಮಗುವಿದ್ದರೆ 250, ಇಬ್ಬರು ಅಥವಾ ಹೆಚ್ಚಿದ್ದರೆ 500 ಡಾಲರ್ ದುಡಿದರು ಎಂದು ಲೆಕ್ಕ ಹಿಡಿಯುತ್ತಾರೆ. ಒಂದು ಮಗು, ಒಂಬತ್ತು ತಿಂಗಳು ಓದು ಎಂದರೆ 2,250. ಖಾತೆಗೆ 5,000 ಕಟ್ ಆಗಿದ್ದರೆ 2,750 ತೆರಿಗೆಗೆ ಬರುತ್ತದೆ. ಇಬ್ಬರು ಮಕ್ಕಳಾದರೆ 4,500, ತೆರಿಗೆಗೆ ಬರುವುದು 500 ಮಾತ್ರ. ವಿದ್ಯಾರ್ಥಿ ಎನಿಸಿಕೊಳ್ಳಲು ವರ್ಷದಲ್ಲಿ ಕನಿಷ್ಠ ಐದು ತಿಂಗಳಲ್ಲಿ ಪೂರ್ಣಾವಧಿ ಓದಿರಬೇಕು.

ವರ್ಷದ ನಡುವೆ ಸಂಗಾತಿಯ ಎಚ್-4 ಇಎಡಿ, ಅಂದರೆ ಕೆಲಸದ ಪರವಾನಗಿಯ ಅವಧಿ ಮುಗಿದು, ನವೀಕರಣ ಬಾರದೆ ಕೆಲಸ ನಿಂತುಹೋದರೆ ಅದು ಆಯ್ಕೆ ಬದಲಿಸಲು ನಿಯಮ ಒಪ್ಪುವ ಕಾರಣವೇ. ಆ 30 ದಿನದೊಳಗೆ ಕಟ್ ಆಗುವುದನ್ನು ನಿಲ್ಲಿಸಿ. ಅಲ್ಲಿಯ ತನಕ ಸೇರಿದ ಹಣವನ್ನು ಇಬ್ಬರೂ ಕೆಲಸದಲ್ಲಿದ್ದ ತಿಂಗಳುಗಳ ಬಿಲ್‌ಗೆ ಬಳಸಿ. ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಹೆಸರಿನಲ್ಲಿ ಬಿಲ್ ಬರೆದು ಖಾತೆ ಖಾಲಿ ಮಾಡುವ ಯೋಚನೆ ಮಾತ್ರ ಬೇಡ. ಆ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ, ಫಾರ್ಮ್‌ನಲ್ಲಿ ನೋಡಿಕೊಂಡವರ ತೆರಿಗೆ ಸಂಖ್ಯೆ ಕೊಡಬೇಕು, ಎಲ್ಲ ಕಡೆಯಿಂದಲೂ ಸಿಕ್ಕಿಬೀಳುವ ಕೆಲಸ.

ಹೆಚ್ಚು ಸಂಬಳದವರಿಗೆ ಇನ್ನೊಂದು ಬಗೆಯ ಹೆಚ್ಚುವರಿ ಉಂಟು. ಸಾಮಾನ್ಯ ನೌಕರರು ಪಡೆದ ಲಾಭದ ಸರಾಸರಿ, ಹೆಚ್ಚು ಸಂಬಳದವರ ಸರಾಸರಿಯ 55% ಆದರೂ ಇರಬೇಕೆಂಬ ಪರೀಕ್ಷೆ ಕಂಪನಿಗಳಿಗೆ ಇದೆ. 2026ಕ್ಕೆ, 2025ರಲ್ಲಿ 160,000 ಡಾಲರ್‌ಗಿಂತ ಹೆಚ್ಚು ಗಳಿಸಿದವರು ಈ ಗುಂಪಿಗೆ ಬರುತ್ತಾರೆ. ಪರೀಕ್ಷೆ ಸೋಲುವ ಲಕ್ಷಣ ಕಂಡರೆ ಕಂಪನಿ ನಡುವೆಯೇ ಅವರ ಮೊತ್ತವನ್ನು ತಗ್ಗಿಸುತ್ತದೆ, ಅಥವಾ ಒಂದು ಭಾಗವನ್ನು ಬಾಕ್ಸ್ 1ಕ್ಕೆ ಸೇರಿಸುತ್ತದೆ. ಸೇರಿಸಿದ್ದರೆ ಮೇಲೆ ಹೇಳಿದ ಎಚ್ಚರವೇ ಇಲ್ಲಿಗೂ: ಸಾಲು 12ರಲ್ಲಿ ಅದನ್ನು ಮತ್ತೆ ಹಾಕಬೇಡಿ.

ಕೆಲಸ ಬದಲಿಸಿದ ವರ್ಷ

ಹೊಸ ಕಂಪನಿಗೆ ಹಳೆಯ ಕಂಪನಿಯಲ್ಲಿ ಎಷ್ಟು ಕಟ್ ಆಗಿದೆ ಎಂದು ಗೊತ್ತಿರುವುದಿಲ್ಲ. ಹಳೆಯ ಕಡೆಯ ಕೊನೆಯ ಪೇಸ್ಲಿಪ್‌ನ ವರ್ಷದ ಮೊತ್ತ ನೋಡಿ. ಅಲ್ಲಿ 3,000 ಇದ್ದರೆ 2026ರಲ್ಲಿ ಹೊಸ ಕಡೆ 4,500ಕ್ಕಿಂತ ಹೆಚ್ಚು ಆರಿಸಬೇಡಿ, ಸಂಗಾತಿಯದು ಏನಾದರೂ ಇದ್ದರೆ ಅದನ್ನೂ ಕಳೆಯಿರಿ. ಹಳೆಯ ಖಾತೆಯ ಉಳಿಕೆಯನ್ನು ಕೆಲಸ ಬಿಟ್ಟ ನಂತರದ ಡೇಕೇರ್ ಬಿಲ್‌ಗೂ ಬಳಸಲು ಕೆಲವು ಯೋಜನೆಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ರಾಜೀನಾಮೆ ಕೊಡುವ ಮುನ್ನವೇ ಕೇಳಿಕೊಳ್ಳಿ; ಪೋರ್ಟಲ್ ಪ್ರವೇಶ ಹೋದ ಮೇಲೆ ಆ ದಾಖಲೆ ಹುಡುಕುವುದು ಕಷ್ಟ.

ತೆರಿಗೆಗೆ ಹಣ ಹೊಂದಿಸುವುದು ಮತ್ತು ಹಳೆಯ ರಿಟರ್ನ್ ತಿದ್ದುವುದು

ಹೆಚ್ಚುವರಿ ಆಗುವುದು ಖಚಿತ ಎಂದು ವರ್ಷದ ನಡುವೆ ತಿಳಿದರೆ ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ಹೇಳುವ ಫಾರ್ಮ್ ಡಬ್ಲ್ಯು-4ರ ಹಂತ 4ಸಿಯಲ್ಲಿ ಪ್ರತಿ ಸಂಬಳಕ್ಕೆ ಇಷ್ಟು ಹೆಚ್ಚು ಹಿಡಿಯಿರಿ ಎಂದು ಬರೆದುಕೊಡಿ. 1,100 ಬಾಕಿ, ಹತ್ತು ಸಂಬಳ ಉಳಿದಿದೆ ಎಂದರೆ 110. ಜನವರಿಯಲ್ಲಿ ಅದನ್ನು ತೆಗೆಯಲು ಮರೆಯಬೇಡಿ, ಇಲ್ಲವಾದರೆ ಅದು ಮುಂದುವರಿಯುತ್ತದೆ. ರಿಟರ್ನ್ ಹಾಕುವಾಗ ಕೊಡಬೇಕಾದ ಒಟ್ಟು ಬಾಕಿ 1,000 ಡಾಲರ್‌ಗಿಂತ ಕಡಿಮೆಯಿದ್ದರೆ, ಮುಂಗಡ ತೆರಿಗೆ ಸಾಲದೆಂಬ ದಂಡ ಬರುವುದಿಲ್ಲ.

ಹಿಂದಿನ ವರ್ಷದಲ್ಲಿ ಎರಡನೇ ಬಾಕ್ಸ್ 10ನ್ನು ಹಾಕಲು ಮರೆತಿದ್ದು ಈಗ ಕಂಡರೆ, ತೆರಿಗೆ ಇಲಾಖೆ ಐಆರ್‌ಎಸ್‌ನ ಪತ್ರಕ್ಕೆ ಕಾಯದೆ, ರಿಟರ್ನ್ ತಿದ್ದುವ ಫಾರ್ಮ್ 1040-ಎಕ್ಸ್ ಜೊತೆ ತಿದ್ದಿದ 2441 ಸಲ್ಲಿಸಿ, ಬಾಕಿಯನ್ನೂ ಕಟ್ಟಿ; ಬಡ್ಡಿ ತಡವಾದಷ್ಟೂ ಬೆಳೆಯುತ್ತದೆ. ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗಿದ್ದರೆ, ಅಂದರೆ ಬಾಕ್ಸ್ 1ರಲ್ಲಿದ್ದ ಹೆಚ್ಚುವರಿಗೆ ಎರಡು ಸಲ ತೆರಿಗೆ ಕಟ್ಟಿದ್ದರೆ ಅಥವಾ ಸಾಲು 14 ಬಿಟ್ಟುಹೋಗಿದ್ದರೆ, ಅದೇ 1040-ಎಕ್ಸ್ ಮೂಲಕ ಹಣ ವಾಪಸ್ ಕೇಳಬಹುದು. ಸಾಮಾನ್ಯವಾಗಿ ರಿಟರ್ನ್ ಹಾಕಿದ ದಿನದಿಂದ ಮೂರು ವರ್ಷ ಅವಕಾಶ. ಅದಕ್ಕೆ ಬೇಕಾಗುವುದು ಡಿಸೆಂಬರ್‌ನ ಕೊನೆಯ ಪೇಸ್ಲಿಪ್, ಎಫ್‌ಎಸ್‌ಎ ಕಂಪನಿಯ ವರ್ಷದ ಕ್ಲೇಮ್ ಪಟ್ಟಿ ಮತ್ತು ಡೇಕೇರ್‌ನ ವರ್ಷಾಂತ್ಯದ ರಸೀದಿ. ಮೂರನ್ನೂ ಪೋರ್ಟಲ್‌ನಿಂದ ಇಳಿಸಿ ಆ ವರ್ಷದ ರಿಟರ್ನ್ ಜೊತೆಗೇ ಇಡಿ.